ನಲವತ್ತೊಂದು ಮನೆಗೆ ಒಂದೇ ಕೀಲಿ

ಬಂಗಾರಿಯ ಮೇಲ್ ಪೆಟ್ಟಿಗೆ ತೆರೆಯಿತು. ಮಾಲಿನಿ ಅದರ ಬೀಗ ಬದಲಿಸತೊಡಗಿದಳು. ಹಳೆಯ ಪಾಸ್‌ವರ್ಡ್ ಒಂದು ಸಲ, ಹೊಸದು ಎರಡು ಸಲ, ಕೆಳಗಿನ ಬೂದು ಗುಂಡಿ. ಪರದೆಯ ನಡುವೆ ಮರಳು ಗಡಿಯಾರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಬದಲಾಗಿದೆ ಎಂಬ ಸಾಲು ಬರುವಷ್ಟರಲ್ಲಿ ಅವಳ ಕಣ್ಣು ಪಟ್ಟಿಯ ಮುಂದಿನ ಹೆಸರಿಗೆ ಹಾರಿತ್ತು. ಬೀರ. ತೆರೆಯಿತು. ನಾಗ, ಕಾಗಾಲದವನು. ತೆರೆಯಲಿಲ್ಲ. ಒಂದೊಂದೇ ಅಕ್ಷರ ನೋಡಿಕೊಂಡು ಇನ್ನೊಮ್ಮೆ ಹೊಡೆದಳು. ಪಾಸ್‌ವರ್ಡ್ ತಪ್ಪು.

"ಹೋತು," ಅಂದಳು. ನಾಗನ ಹೆಸರಿನ ಮೇಲೆ ಎಳೆದ ಗೀಟಿಗೆ ಕಾಗದ ಹರಿಯಿತು.

"ಎಷ್ಟಾತು ಹಾಂಗೆ?" ಬಾಗಿಲಲ್ಲಿ ನಿಂತಿದ್ದ ವಿಶ್ವನಾಥ ಕೇಳಿದ.

"ಒಂಬತ್ತು ಹೋತು. ಇಪ್ಪತ್ತು ಉಳಸ್ಕಂಡೆ. ಹನ್ನೆರಡು ನೋಡೂಕದೆ."

"ಬೇಗ ಬೇಗ ಮಾಡು ಮಾರಾಯ್ತಿ."

"ನಾ ಬೇಗ ಮಾಡ್ತೆ. ನಿಮ್ಮ ಇಂಟರ್ನೆಟ್ ಲೈನು ಮಾಡ್ಬೇಕಲ್ಲ!"

ಸೈಬರ್ ಸೆಂಟರ್ ವಿಶ್ವನಾಥನದು. ಕುಮಟೆಯ ಹಳೇ ಬಸ್‌ಸ್ಟ್ಯಾಂಡಿನ ಎದುರು, ಹೊಲಿಗೆ ಅಂಗಡಿಯ ಮಹಡಿಯ ಮೇಲೆ ನಾಲ್ಕು ಕಂಪ್ಯೂಟರು, ಒಂದು ಫ್ಯಾನು, ಹಳದೀಪುರದಿಂದ ದಿನವೂ ಬಸ್ಸಿಗೆ ಬರುವ ಮಾಲಿನಿ. ಓದು ಬಾರದ ತಾಯಂದಿರು ಬಂದು ಅವಳ ಪಕ್ಕ ಕೂತು ಹೇಳುತ್ತಿದ್ದರು. ಅವಳು ಅದೇ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವಾಗಿಯೇ ಹೊಡೆದು ಮಸ್ಕತ್ತಿಗೋ ಮುಂಬೈಗೋ ಕಳಿಸುತ್ತಿದ್ದಳು, ಉತ್ತರ ಬಂದರೆ ಓದಿ ಹೇಳುತ್ತಿದ್ದಳು. ನಾಲ್ಕು ವರ್ಷದಲ್ಲಿ ನಲವತ್ತೊಂದು ಮನೆಗಳಿಗೆ ಮೇಲ್ ಪೆಟ್ಟಿಗೆ ಮಾಡಿಕೊಟ್ಟಿದ್ದಳು. ಅಷ್ಟಕ್ಕೂ ಪಾಸ್‌ವರ್ಡ್ ಒಂದೇ: ಇಡಗುಂಜಿ. ಈ ಸೀಮೆಯಲ್ಲಿ ಮದುವೆಯಿರಲಿ ಬಾವಿ ತೋಡುವುದಿರಲಿ, ಇಡಗುಂಜಿಯ ಮಹಾಗಣಪತಿಗೆ ಕಾಯಿ ಹೇಳಿಕೊಳ್ಳದೆ ಯಾರೂ ಕೈಹಚ್ಚುವುದಿಲ್ಲ. ಶುಭದ ಹೆಸರು, ಯಾರಿಗೂ ಮರೆಯುವುದಿಲ್ಲ. ಅವಳ ಸ್ವಂತ ಪೆಟ್ಟಿಗೆಗೂ ಅದನ್ನೇ ಇಟ್ಟಿದ್ದಳು. ತನ್ನ ಜಾಣತನದ ಬಗ್ಗೆ ಅವಳಿಗೆ ನಿನ್ನೆ ಸಂಜೆಯವರೆಗೂ ಒಂದು ಸಣ್ಣ ಹೆಮ್ಮೆಯಿತ್ತು.

ನಿನ್ನೆ ಸಂಜೆ ಕೊನೆಯ ಬಸ್ಸಿಗೆ ಹತ್ತು ನಿಮಿಷವಿದ್ದಾಗ ಆ ಮೇಲ್ ಬಂದಿತ್ತು. ಮೇಲ್ ಕಂಪನಿಯದೇ ಗುರುತು, ಅದೇ ಬಣ್ಣ. ಇಪ್ಪತ್ತನಾಲ್ಕು ತಾಸಿನೊಳಗೆ ಖಚಿತಪಡಿಸದಿದ್ದರೆ ನಿಮ್ಮ ಪೆಟ್ಟಿಗೆಯನ್ನು ಒಳಗಿನ ಪತ್ರಗಳ ಸಮೇತ ಅಳಿಸಿಹಾಕುತ್ತೇವೆ. ನಲವತ್ತೊಂದು ಮನೆಗಳ ವಿಳಾಸ ಇದ್ದದ್ದು ಆ ಪೆಟ್ಟಿಗೆಯಲ್ಲಿ. ಕೆಳಗಿನ ನೀಲಿ ಸಾಲನ್ನು ಒತ್ತಿದಳು, ದಿನಾ ನೋಡುವ ಪುಟವೇ ಬಂತು, ಹೆಸರು ಪಾಸ್‌ವರ್ಡ್ ಹೊಡೆದು ಚಪ್ಪಲಿ ಮೆಟ್ಟಿ ಓಡಿದಳು. ಪುಟದ ನೆತ್ತಿಯಲ್ಲಿ ಕಂಪನಿಯ ಹೆಸರು ಇರಬೇಕಾದ ಕಡೆ ಬರೀ ಅಂಕಿಗಳ ಸಾಲು ಇತ್ತು ಎಂಬುದನ್ನು ನೋಡಿದ್ದು ಇವತ್ತು ಬೆಳಿಗ್ಗೆ, ಆ ಮೇಲನ್ನು ಮತ್ತೆ ತೆರೆದಾಗ.

ತೆರೆಯುವಂತೆ ಮಾಡಿದ್ದು ಉದಯನ ಪತ್ರ. ಉದಯ ಮಸ್ಕತ್ತಿನ ಒಂದು ಕೆಲಸಗಾರರ ಕ್ಯಾಂಪಿನಲ್ಲಿ ಅಡುಗೆಯವನು, ಕಾಗಾಲದ ಹತ್ತಿರದ ಹಾಲಕ್ಕಿ ಒಕ್ಕಲಿಗರ ಕೊಪ್ಪದ ದುರ್ಗಿಯ ಮಗ. 'ಮಾಲಿನಿ ಅಕ್ಕಾ, ಅಮ್ಮ ಬಿದ್ದು ಆಸ್ಪತ್ರೆ ಸೇರಿದ್ದು ನೀವು ಯಾಕೆ ಹೇಳಲಿಲ್ಲ? ಅವಳ ಮೇಲ್ ಪೆಟ್ಟಿಗೆಯಿಂದ ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಇವತ್ತೇ ಆಪರೇಶನ್ ಅಂತೆ. ಉಳಿಸಿದ್ದಷ್ಟೂ ತೆಗೆದಿಟ್ಟಿದ್ದೇನೆ. ಒಂದು ಗಂಟೆಗೆ ಕ್ಯಾಂಪಿನ ವ್ಯಾನ್ ಪೇಟೆಗೆ ಹೋಗ್ತದೆ, ಡಾಕ್ಟರ ಹೆಸರಿಗೆ ಹಾಕ್ತೇನೆ.'

ಓದುವಾಗ ಮಾಲಿನಿಯ ಕಿವಿಯಲ್ಲಿ ದುರ್ಗಿಯ ದನಿ ಇನ್ನೂ ಹಸಿಯಾಗಿತ್ತು. ಬಸ್ಸಿಳಿದು ಬರುವಾಗ ಸಂತೆಯ ಮೂಲೆಯಲ್ಲಿ ಅವಳು ಹರಿವೆ ಕಟ್ಟು ಎತ್ತಿ ಹಿಡಿದು ಗಿರಾಕಿಯೊಬ್ಬನಿಗೆ, "ಮುಟ್ಟಿ ಮುಟ್ಟಿ ಬಾಡಸ್ಬೇಡ್ರಾ, ಅದೆಂತ ನಿಮ್ಮ ಹೆಂಡ್ತಿ ಗಲ್ಲವಾ?" ಎಂದು ಬೈಯುತ್ತಿದ್ದಳು.

ಅಲ್ಲಿಂದ ಎಲ್ಲ ಬಿಚ್ಚಿಕೊಂಡಿತು. ಮಾಲಿನಿಯ ಪೆಟ್ಟಿಗೆಯನ್ನು ಕಳ್ಳ ಹಾಗೇ ಬಿಟ್ಟಿದ್ದ, ಅವಳಿಗೆ ಸುಳಿವು ಸಿಗದಿರಲೆಂದು. ವಿಳಾಸಗಳನ್ನಷ್ಟೇ ಎತ್ತಿಕೊಂಡು ಅದೇ ಪಾಸ್‌ವರ್ಡನ್ನು ಎಲ್ಲ ಪೆಟ್ಟಿಗೆಗೂ ಹಾಕಿ ನೋಡಿದ್ದ. ದುರ್ಗಿಯದರ ಬೀಗ ಬದಲಿಸಿ ಒಳಗೇ ಕೂತಿದ್ದ. ಮಾಲಿನಿ ಮೊದಲು ತನ್ನದನ್ನು ಬದಲಿಸಿದಳು. 'ನಿನ್ನ ಅಮ್ಮ ಆರಾಮ, ಸಂತೆಯಲ್ಲಿ ಸೊಪ್ಪು ಮಾರ್ತಾ ಇದ್ದು, ಒಂದು ರಿಯಾಲೂ ಹಾಕಬೇಡ' ಎಂದು ಉದಯನಿಗೆ ಹೊಡೆದಳು. ಆಮೇಲೆ ಪಟ್ಟಿ ಹಿಡಿದಳು. ಈಗ ಅವಳು ಪಟ್ಟಿಯ ತುದಿಯಿಂದ ಕೆಳಗಿಳಿಯುತ್ತಿದ್ದಳು. ಎಲ್ಲೋ ಕೂತು ಇನ್ನೊಬ್ಬನೂ ಅದೇ ಪಟ್ಟಿ ಹಿಡಿದಿದ್ದ. ಅವನ ಮುಖವಿಲ್ಲ, ದನಿಯಿಲ್ಲ, ವಾಸನೆಯಿಲ್ಲ. ತೆರೆಯದ ಪ್ರತಿ ಹೆಸರೂ ಅವನು ಈಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ ಬೆಚ್ಚಗಿತ್ತು.

ಪರದೆಯ ಮೂಲೆಯಲ್ಲಿ ಹೊಸ ಪತ್ರದ ಗುರುತು ಮೂಡಿತು. ಉದಯ.

'ಅಕ್ಕಾ, ನೀವು ಹೇಳಿದ್ದನ್ನು ಅಮ್ಮನ ಮೇಲಿಗೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದು ಕೇಳಿದೆ. ಮಾಲಿನಿಯೇ ಕಳ್ಳಿ, ನಿನ್ನ ದುಡ್ಡು ಬೇರೆ ಕಡೆ ತಿರುಗಿಸೂಕೆ ನೋಡ್ತಾಳೆ, ಅವಳ ಮಾತು ಕೇಳಿದರೆ ತಾಯಿ ಸಾಯ್ತಾಳೆ ಅಂತ ಬಂತು. ನಿಮ್ಮನ್ನ ಹ್ಯಾಂಗೆ ನಂಬಲಿ? ಅದು ಅಮ್ಮನ ಮೇಲು. ಇದು ನಿಮ್ಮದು. ಅಮ್ಮ ನಿಜಕ್ಕೂ ಬಿದ್ದಿದ್ದರೆ? ನಾ ವ್ಯಾನಿಗೆ ಹೋಗ್ತೆ.'

ಮಾಲಿನಿ ಗೋಡೆಯ ಗಡಿಯಾರ ನೋಡಿದಳು. ಹನ್ನೆರಡೂ ಐವತ್ತು. ಅಲ್ಲಿಯ ಒಂದು ಗಂಟೆ ಎಂದರೆ ಇಲ್ಲಿಯ ಎರಡೂವರೆ. ಫೋನು ಮಾಡೋಣವೆಂದರೆ ಕ್ಯಾಂಪಿನ ನಂಬರು ಇದ್ದದ್ದು ಅವನ ಹಳೆಯ ಪತ್ರದಲ್ಲಿ, ಪತ್ರ ಇದ್ದದ್ದು ದುರ್ಗಿಯ ಪೆಟ್ಟಿಗೆಯಲ್ಲಿ. ಕ್ಯಾಂಪಿನಿಂದ ಊರಿಗೆ ಫೋನು ಮಾಡಲು ಕೆಲಸಗಾರರಿಗೆ ಬಿಡುತ್ತಿರಲಿಲ್ಲ.

ಅವಳು ಎದ್ದಳು.

"ಎಲ್ಲಿಗೆ?" ವಿಶ್ವನಾಥ ಅಡ್ಡ ಬಂದ. "ಹನ್ನೆರಡು ಬಾಕಿ ಅದೆ ಅಂದೆ?"

"ದುರ್ಗಕ್ಕನ ಕರ್ಕ ಬತ್ತೆ. ಅದೇ ಬಂದು ಮಗಂಗೆ ಹೇಳ್ಬೇಕು."

"ಕರ್ಕಂಡು ಬಾ. ಆದ್ರೆ ಹೀಂಗೆ ಹೀಂಗೆ ಆತು ಅಂತೆಲ್ಲ ಬಾಯಿ ಬಿಡ್ಬೇಡ. ಕಂಪನಿದು ಲೈನು ಹಾಳಾಗಿದೆ ಅನ್ನು. ಅವಕ್ಕೆ ಎಂತ ಗೊತ್ತಾಗ್ತದೆ? ನಾಳೆ ನಲವತ್ತೊಂದು ಮನೆಯವ್ರು ಬಂದು ನನ್ನ ಗಾಜು ಒಡದ್ರೆ ಯಾರು ಕೊಡ್ತಾರೆ?"

ಮಾಲಿನಿ ಆಗಲೇ ಮೆಟ್ಟಿಲಲ್ಲಿದ್ದಳು.

ಸಂತೆ ತುಂಬಿತ್ತು. ಒಣಮೀನಿನ ರಾಶಿ, ಮಡಕೆಯ ಸಾಲು, ಬೆವರಿದ ಬೆನ್ನುಗಳು. ದುರ್ಗಿ ಗೋಣಿ ಹಾಸಿ ಕೂತಿದ್ದಳು, ಕೊರಳ ತುಂಬ ಮಣಿಸರ, ಮುಂದೆ ಬಸಳೆ, ಹರಿವೆ, ನಾಲ್ಕು ಸೌತೆ. ಮಾಲಿನಿ ಮಂಡಿಯೂರಿ ಕೂತಳು. ಮೆಟ್ಟಿಲಿಳಿಯುವಾಗ ಕಂಪನಿಯ ಲೈನು ಎಂಬ ಮಾತು ನಾಲಿಗೆಯ ಮೇಲೇ ಇತ್ತು. ದುರ್ಗಿಯ ಮುಖ ನೋಡಿದ ಮೇಲೆ ಅದು ಬರಲಿಲ್ಲ. ಎಲ್ಲ ಹೇಳಿದಳು.

ನಡುವೆ ಗಿರಾಕಿಯೊಬ್ಬ ಬಸಳೆಗೆ ಕೈ ಹಾಕಿದ. ದುರ್ಗಿ ಅವನ ಕೈಯನ್ನು ನೊಣ ಅಟ್ಟಿದ ಹಾಗೆ ಅಟ್ಟಿದಳು.

"ನಮ್ಮ ಎಲ್ಲಾರ ಮನೆಗೂ ಒಂದೇ ಕೀಲಿ ಮಾಡಿಟ್ಟಿದ್ಯಾ?"

"ಮರೂದು ಬೇಡ ಅಂತ ಮಾಡ್ದೆ ದುರ್ಗಕ್ಕಾ. ದೇವ್ರ ಹೆಸ್ರು..."

"ದೇವ್ರ ಹೆಸ್ರು ಕಳ್ಳಂಗೂ ಗೊತ್ತಿರ್ತದೆ ತಂಗೀ."

"ಅವಂಗೆ ಗೊತ್ತಿರ್ಲಿಲ್ಲ. ನಾನೇ ಬರ್ದು ಕೊಟ್ಟೆ. ಹೆದ್ರಿಕೆ ಆತು. ಒಂದು ದಿನದೊಳಗೆ ಎಲ್ಲಾ ಅಳಸ್ತೆ ಅಂದಿದ್ದ."

"ಹೆದ್ರಸಿ, ಮೇಲಿಂದ ಅವಸರ ಮಾಡ್ದ. ಹೌದಾ?" ದುರ್ಗಿ ಎದ್ದಳು. ಮೊಣಕಾಲು ಲಟಕ್ಕೆಂದಿತು. "ಈ ಸಂತೆಲಿ ಹಾಂಗೆ ಮಾಡವ್ರಿಗೆ ನಾ ಒಂದು ಕಟ್ಟು ಸೊಪ್ಪೂ ಕೊಡೂದಿಲ್ಲ. ನಿನ್ನ ಓದ್ಕಂಡವಳು ಅಂತಿದ್ರು."

ಪಕ್ಕದವಳಿಗೆ ಗೋಣಿ ನೋಡಿಕೊಳ್ಳಲು ಹೇಳಿ ಹೊರಟಳು. ಓಡಲಿಲ್ಲ, ಆದರೆ ಮಾಲಿನಿಗೆ ಅವಳ ಸಮಕ್ಕೆ ನಡೆಯಲಾಗಲಿಲ್ಲ.

ಅವರು ಮಹಡಿ ಹತ್ತುವಾಗ ಫ್ಯಾನು ನಿಧಾನವಾಗಿ ನಿಲ್ಲುತ್ತಿತ್ತು. ಕರೆಂಟು ಹೋಗಿತ್ತು. ಮೂಲೆಯ ಬ್ಯಾಟರಿ ಪೆಟ್ಟಿಗೆ ಕೂಗುತ್ತಿತ್ತು, ಕೀ, ಕೀ, ಕೀ.

"ಇದೊಂದೇ ಮಶೀನು ನಡೀತದೆ," ವಿಶ್ವನಾಥ ಹೇಳಿದ. "ಅರ್ಧ ಗಂಟೆ, ಹೆಚ್ಚಂದ್ರೆ ಮುಕ್ಕಾಲು. ದುರ್ಗಕ್ಕಾ, ನಮ್ಮ ಲೈನು ಸ್ವಲ್ಪ..."

"ಗೊತ್ತಾಯ್ದು ಒಡ್ಯಾ. ತಂಗಿ ಹೇಳ್ತು."

ವಿಶ್ವನಾಥ ಮಾಲಿನಿಯನ್ನು ನೋಡಿದ. ಮಾಲಿನಿ ಕೀಲಿಮಣೆಯನ್ನು ನೋಡಿದಳು.

ಒಂದೂ ಐದು. ಅವಳು ಹೊಡೆದಳು: 'ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ನಾನು ಬರೆಯುತ್ತಿದ್ದೇನೆ.' ಹೊಡೆದು ಓದಿಕೊಂಡಾಗ ಅವಳಿಗೇ ನಗೆ ಬರುವಂತಾಯಿತು. ಆಚೆಯವನೂ ಇದನ್ನೇ ಬರೆದಿದ್ದ. ಎರಡು ಪೆಟ್ಟಿಗೆ, ಎರಡರಲ್ಲೂ ಒಬ್ಬೊಬ್ಬ ತಾಯಿ. ಇದರಲ್ಲಿ ಉಸಿರಾಡುವ ತಾಯಿ ಇದ್ದಾಳೆಂದು ಅಕ್ಷರಗಳಿಗೆ ಹೇಗೆ ತೋರಿಸುವುದು?

"ಅವಂಗೆ ನಂಬ್ಕೆ ಬರೂ ಹಾಂಗೆ ಎಂತಾರೂ ಹೇಳು ದುರ್ಗಕ್ಕಾ. ನಿಂಗೆ ಅವಂಗೆ ಮಾತ್ರ ಗೊತ್ತಿರೂದು."

"ಕೆಂಪು ದನ ಕರ ಹಾಕ್ತು ಅಂತ ಬರಿ."

"ಅದು ಬರ್ದಾಯ್ದು, ಹೋದ ತಿಂಗಳು."

"ಅವನ ಕಾಲಿಗೆ ಬಿದಿರು ಗಳು ಚುಚ್ಚಿದ್ದು?"

"ಅದೂ ಬರ್ದಿದ್ದು, ಮಳೆಗಾಲದಲ್ಲಿ ನೋಯ್ತದಾ ಅಂತ ಕೇಳ್ಸಿದ್ಯಲ್ಲ. ನಾವು ಬರ್ದದ್ದೆಲ್ಲಾ ಈಗ ಅವನ ಕೈಲಿದೆ. ಇಷ್ಟು ವರ್ಷದಲ್ಲಿ ನನ್ನ ಹತ್ರ ಹೇಳದ್ದು ಬೇಕು."

ದುರ್ಗಿ ಬೆರಳು ಮಡಚಿ ಎಣಿಸತೊಡಗಿದಳು. ಕೀ, ಕೀ, ಕೀ. ನಾಲ್ಕು ವರ್ಷ ಅವಳು ಈ ಸ್ಟೂಲಿನ ಮೇಲೆ ಕೂತು ಮನೆಯನ್ನೆಲ್ಲ ಹೇಳಿದ್ದಳು: ಗದ್ದೆ, ದನ, ಮಗಳ ಬಾಣಂತನ, ಗಂಡನ ಕೆಮ್ಮು. ನಾಟಿ ಮಾಡುವಾಗ ಸಾವಿರ ಸಾಲು ಹಾಡಿದರೂ ಒಂದು ಸಾಲು ತಪ್ಪದವಳು ಅವಳು. ಏನು ಹೇಳಿದ್ದೇನೆ, ಏನು ಹೇಳಿಲ್ಲ ಎಂಬುದೂ ಅವಳಿಗೆ ತಪ್ಪುವುದಿಲ್ಲ.

"ಒಂದದೆ," ಅಂದಳು ಕಡೆಗೆ. "ಅಂವಂಗೆ ಹೇಳು. ಆ ಪೆಟ್ಟಿಗೆಯವಂಗೆ ಕೇಳ್ಲಿ, ಅಪ್ಪನ ಹಲ್ಲು ಎಲ್ಲದೆ ಅಂತ. ನಂಗೂ ಕೇಳ್ಲಿ. ಯಾರು ಹೇಳ್ತಾರೋ ಅದು ತಾಯಿ."

"ಎಂತಾ ಹಲ್ಲು?"

"ನೀ ಬರಿ ಮೊದ್ಲು."

ಮಾಲಿನಿ ಬರೆದಳು. ಕಳಿಸಿದಳು. ಗಡಿಯಾರ ಒಂದೂ ಹದಿನಾಲ್ಕು ತೋರಿಸಿತು. ಪರದೆ ಸುಮ್ಮನೆ ಬೆಳಗುತ್ತಿತ್ತು. ಕಾಯುವಾಗ ಒಂದು ಹೆಸರಾದರೂ ನೋಡೋಣವೆಂದು ಪಟ್ಟಿ ತೆಗೆದಳು. ಸುಬ್ಬಿ. ತೆರೆಯಿತು, ಬದಲಾಯಿತು. ಚೌಡಮ್ಮ. ಹೋಗಿತ್ತು. ದಾಸ. ಹೋಗಿತ್ತು. ಕಳ್ಳ ಊಟಕ್ಕೂ ಎದ್ದಿರಲಿಲ್ಲ.

ಒಂದೂ ಇಪ್ಪತ್ತೊಂಬತ್ತಕ್ಕೆ ಉದಯನ ಉತ್ತರ ಬಂತು. ಮಾಲಿನಿ ಗಟ್ಟಿಯಾಗಿ ಓದಿದಳು.

'ಅಮ್ಮನ ಮೇಲಿಗೆ ಕೇಳಿದೆ. ಇಂಗ್ಲಿಷಿನಲ್ಲೇ ಉತ್ತರ ಬಂತು: ತಂದೆಯ ಹಲ್ಲಿನ ಚಿಕಿತ್ಸೆಯನ್ನೂ ಇದೇ ಆಸ್ಪತ್ರೆಯಲ್ಲಿ ಮಾಡುತ್ತೇವೆ, ದಯವಿಟ್ಟು ಬೇಗ ಹಣ ಕಳಿಸಿ. ಈಗ ನೀವು ಹೇಳಿ. ನೀವೂ ತಪ್ಪು ಹೇಳಿದರೆ ಡಾಕ್ಟರಿಗೇ ಕಳಿಸ್ತೆ. ಅಮ್ಮನ ಜೀವದ ಪ್ರಶ್ನೆ.'

ವಿಶ್ವನಾಥ ಫಕ್ಕನೆ ನಕ್ಕ. "ಹಲ್ಲಿನ ಚಿಕಿತ್ಸೆ! ಪುಣ್ಯಾತ್ಮ!"

ದುರ್ಗಿ ನಗಲಿಲ್ಲ. "ಒಡ್ಯಾ, ನೀವು ಸ್ವಲ್ಪ ಹೊರಗೆ ಹೋತ್ರಾ?"

"ನನ್ನ ಅಂಗಡಿಂದ ನಾನೇ ಹೊರಗಾ?"

"ಹ್ಞೂ."

ಅವನು ಹೋದ. ದುರ್ಗಿ ಬಾಗಿಲ ಕಡೆ ನೋಡಿದಳು. ಆಮೇಲೆ ಮಾಲಿನಿಯ ಕಡೆ ನೋಡಿದಳು. ಮಾಲಿನಿ ಹೊರಗೆ ಹೋಗುವಂತಿರಲಿಲ್ಲ. ಬರೆಯುವ ಬೆರಳುಗಳು ಅವಳವು.

"ಹೊರಡೂ ಹಿಂದಿನ ದಿನ," ದುರ್ಗಿ ಶುರುಮಾಡಿದಳು. ನಿಲ್ಲಿಸಿದಳು. ಬ್ಯಾಟರಿ ಪೆಟ್ಟಿಗೆಯ ಕೂಗು ಬೇಗಬೇಗನೆ ಆಗತೊಡಗಿತ್ತು.

"ದುರ್ಗಕ್ಕಾ, ಹೊತ್ತಿಲ್ಲ."

"ಹೊರಡೂ ಹಿಂದಿನ ದಿನ ಅಂವ ಅಪ್ಪನ ಮೇಲೆ ಕೈ ಮಾಡ್ದ. ಹೋಗೂದೇ ಬೇಡ ಅಂತ ಅವರು ಪಾಸ್‌ಪೋರ್ಟ್ ಒಲೆಗೆ ಹಾಕೂಕೆ ಹೋಗಿದ್ರು. ಎರಡು ಏಟು. ಹಲ್ಲು ಒಂದು ಕೆಳಗೆ ಬಿತ್ತು. ಅವರು ಯಾರ ಹತ್ರವೂ ಹೇಳ್ಲಿಲ್ಲ. ಗದ್ದೆ ಬದುವಿನ ಮೇಲೆ ಜಾರಿ ಬಿದ್ದೆ ಅಂತ ಊರಿಗೆಲ್ಲಾ ಹೇಳ್ಕ ಬಂದ್ರು. ಅಂವ ರಾತ್ರೆ ಅತ್ತ. ಬೆಳಗಾಗೂದ್ರೊಳಗೆ ಬಸಳೆ ಚಪ್ಪರದ ಬುಡ ಕೆದ್ರಿ ಆ ಹಲ್ಲು ಹುಗ್ದ. ನಾ ದೀಪ ಹಿಡ್ದಿದ್ದೆ. ಅಮ್ಮಾ, ಇದು ಯಾರಿಗೂ ಹೇಳೂದಿಲ್ಲ ಅಂತ ಭಾಷೆ ಕೊಡು ಅಂದ. ಕೊಟ್ಟೆ." ಅವಳು ಮಣಿಸರವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ಬರಿ. ಬಸಳೆ ಚಪ್ಪರದ ಬುಡದಲ್ಲಿ ಅಂತ ಬರಿ. ಅಷ್ಟೇ ಸಾಕು."

ಮಾಲಿನಿ ಅಷ್ಟನ್ನೇ ಬರೆದಳು. ಎರಡು ಅಕ್ಷರ ತಪ್ಪಿದವು, ಅಳಿಸಿ ಮತ್ತೆ ಹೊಡೆದಳು. ಮರಳು ಗಡಿಯಾರ ತಿರುಗಿತು. ಹೋಗಿದೆ ಎಂಬ ಸಾಲು ಬಂತು. ಮರುಕ್ಷಣ ಪರದೆ ಕಪ್ಪಾಯಿತು. ಬ್ಯಾಟರಿಯ ಕೂಗೂ ನಿಂತಿತು.

ಕತ್ತಲೆಯೇನೂ ಅಲ್ಲ, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಧಾರಾಳವಾಗಿ ಬೀಳುತ್ತಿತ್ತು. ಆದರೂ ಇಬ್ಬರೂ ಕತ್ತಲಲ್ಲಿ ಕೂತವರ ಹಾಗೆ ಅಲುಗದೆ ಕೂತರು. ಕೆಳಗೆ ಭಟ್ಕಳದ ಬಸ್ಸಿನ ಕಂಡಕ್ಟರ್ ಹೊನ್ನಾವರ, ಹೊನ್ನಾವರ ಎಂದು ಕೂಗುತ್ತಿದ್ದ. ಎರಡು ಗಂಟೆಯಾಯಿತು. ಎರಡೂ ಕಾಲು. ಎರಡೂವರೆಗೆ ಮಸ್ಕತ್ತಿನಲ್ಲಿ ಒಂದು ವ್ಯಾನ್ ಹೊರಟಿರಬೇಕು. ಅದರಲ್ಲಿ ಯಾರು ಕೂತಿದ್ದಾರೋ, ಯಾರು ಕೂತಿಲ್ಲವೋ.

"ದುರ್ಗಕ್ಕಾ, ತಪ್ಪಾತು," ಮಾಲಿನಿ ಹೇಳಿದಳು.

"ಈಗ ಅದು ಬೇಡ."

ಮೂರೂ ಹತ್ತಕ್ಕೆ ಫ್ಯಾನು ಅಲುಗಿತು. ಕಂಪ್ಯೂಟರ್ ಎಚ್ಚರಾಗಲು ತೆಗೆದುಕೊಂಡ ನಾಲ್ಕು ನಿಮಿಷದಲ್ಲಿ ವಿಶ್ವನಾಥ ಎರಡು ಸಲ ಇಣುಕಿ ಹೋದ. ಲೈನು ಮೂರನೆಯ ಯತ್ನಕ್ಕೆ ಸಿಕ್ಕಿತು. ಪತ್ರ ಇತ್ತು. ಒಂದೂ ನಲವತ್ತೊಂದಕ್ಕೇ ಬಂದು ಕೂತಿತ್ತು.

'ವ್ಯಾನಿಗೆ ಹೋಗೂದಿಲ್ಲ. ದುಡ್ಡು ನನ್ನ ಹತ್ರವೇ ಇದೆ. ಇನ್ನು ಆ ಮೇಲಿಗೆ ಬರೆಯೂದಿಲ್ಲ. ಅಮ್ಮಾ, ಮಾಲಿನಿ ಅಕ್ಕಂಗೆ ಎಲ್ಲಾ ಹೇಳಿದ್ಯಾ?'

ಮಾಲಿನಿ ಕೊನೆಯ ಸಾಲನ್ನೂ ಓದಿದಳು. ಓದದೆ ಬಿಡಬಹುದಿತ್ತು. ಬಿಡಬಾರದೆನಿಸಿತು.

ದುರ್ಗಿ ಮಣಿಸರವನ್ನು ಬಿಟ್ಟಳು. "ಹೌದು ಅಂತ ಬರಿ. ಹೇಳಲೇಬೇಕಾತು ಅಂತ ಬರಿ."

ಬರೆದಳು. ಆಮೇಲೆ ಉಳಿದ ಒಂಬತ್ತು ಹೆಸರು ನೋಡಿದಳು. ಮೂರು ಹೋಗಿದ್ದವು, ಆರು ಉಳಿದವು. ಎಲ್ಲ ಮನೆಗಳ ಮಕ್ಕಳಿಗೂ ತನ್ನ ಪೆಟ್ಟಿಗೆಯಿಂದ ಒಂದೇ ಪತ್ರ ಕಳಿಸಿದಳು: ತಪ್ಪು ನನ್ನದು, ಮನೆಯಿಂದ ದುಡ್ಡು ಕೇಳಿ ಪತ್ರ ಬಂದರೆ ಹಾಕಬೇಡಿ, ಯಾವ ಪತ್ರದಲ್ಲೂ ಬರೆಯದ ಒಂದು ಪ್ರಶ್ನೆ ಕೇಳಿ ನೋಡಿ. ವಿಶ್ವನಾಥ ಹಿಂದೆ ನಿಂತು ಓದಿದ. 'ತಪ್ಪು ನನ್ನದು' ಎಂಬಲ್ಲಿ ಅವನ ಬಾಯಿ ತೆರೆಯಿತು. ದುರ್ಗಿ ಇದ್ದಳು, ಮುಚ್ಚಿಕೊಂಡಿತು.

ಸಂತೆ ಕರಗುವ ಹೊತ್ತಿಗೆ ಮಾಲಿನಿ ದುರ್ಗಿಗೆ ಹೊಸ ಪೆಟ್ಟಿಗೆ ತೆರೆದಳು. ಹೆಸರು ಹಾಕಿದಳು, ಊರು ಹಾಕಿದಳು. ಪಾಸ್‌ವರ್ಡಿನ ಖಾಲಿ ಜಾಗ ಬಂತು. ಕರ್ಸರ್ ಮಿಟುಕುತ್ತಿತ್ತು.

"ಎಂತ ಇಡೂದು?"

"ನಂಗೆ ಅಂಕೆ ಬತ್ತದೆ," ದುರ್ಗಿ ಹೇಳಿದಳು. "ಬಸ್ಸಿನ ನಂಬ್ರ ಓದ್ತೆ, ನೋಟು ಓದ್ತೆ. ಅಂಕೆ ಎಲ್ಲವೆ ಇದ್ರಲ್ಲಿ? ತೋರ್ಸು."

ಮಾಲಿನಿ ಮೇಲಿನ ಸಾಲು ತೋರಿಸಿದಳು. ದುರ್ಗಿ ಕುರ್ಚಿಯನ್ನು ಎಳೆದುಕೊಂಡಳು. ಸೆರಗನ್ನು ಕೀಲಿಮಣೆಯ ಮೇಲೆ ಹರಡಿದಳು, ಅದರಡಿಗೆ ಕೈ ತೂರಿಸಿದಳು, ಬಗ್ಗಿ ನೋಡಿದಳು. ಟಕ್. ಬಹಳ ಹೊತ್ತು. ಟಕ್. ಎಂಟು ಸಲ. ಪರದೆಯ ಮೇಲೆ ಎಂಟು ಚುಕ್ಕೆ. ಮತ್ತೊಮ್ಮೆ ಹೊಡೆಯಬೇಕು ಎಂದಾಗ ಮತ್ತೆ ಎಂಟು. ಒಂದೂ ತಪ್ಪಲಿಲ್ಲ. ಪೆಟ್ಟಿಗೆ ತೆರೆಯಿತು.

ಮಾಲಿನಿ ಒಂದು ಚೀಟಿ ಹರಿದು ಪೆನ್ನು ತೆಗೆದಳು. "ಮರ್ತೋದ್ರೆ ಕಷ್ಟ ದುರ್ಗಕ್ಕಾ. ಮತ್ತೆ ತೆಗೂಕೆ ಬರೂದಿಲ್ಲ. ನನ್ನ ಕಿವೀಲಿ ಹೇಳು, ನಾ ಬರ್ದು ಬೀಗ ಹಾಕಿಡ್ತೆ. ಬೇರೆ ಯಾರಿಗೂ ತೋರ್ಸೂದಿಲ್ಲ. ಇಡಗುಂಜಿ ಆಣೆ."

ದುರ್ಗಿ ಸೆರಗನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು.

"ಬೇಡ," ಅಂದಳು. "ನಿಂಗೂ ಹೇಳೂದಿಲ್ಲ."